ಕಾಫಿ ಮನೆತನದ ಕೋಲಾ ಪಾಷಾ
ತಾತ ಅಕ್ಬರ್ ಪಾಷಾ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕಾಫಿಬೀಜ ಹುರಿದರೆ ಬೀದಿಗೆ ಬೀದಿಯೇ ಮೂಗರಳಿಸಿ ನಿಲ್ಲುತ್ತಿತ್ತು. ಅಪ್ಪ ವಾಸನೆಯಲ್ಲೇ ಹದ ಹಿಡಿದು ಒಲೆ ಆರಿಸುತ್ತಿದ್ದ. ಅಂಥ ಮನೆತನದ ತಬ್ರೇಜ್ ಪಾಷಾ ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸಿನಲ್ಲಿ ಕೋಳಿನಿದ್ದೆ ಮುಗಿಸಿ ಎದ್ದವನೇ ಕೋಲಾ ಡಬ್ಬಿ ಚುಸ್ಸೆನ್ನಿಸುತ್ತಾನೆ. ಮೀಟಿಂಗಿಗೆ ಒಂದು, ಡ್ರೈವ್ ಮಾಡುವಾಗ ಒಂದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಲಿಕ್ಕೂ ಅದೇ! ಕೇಳಿದವರಿಗೆ "ತಲೆ ಓಡಬೇಕಲ್ಲಪ್ಪಾ" ಎಂದು ನಗುತ್ತಾನೆ. ಡಾಕ್ಟರು ಆಗಲೇ ಕಾಲ್ಬೆರಳು ತೆಗೆಯುವ ಮಾತಾಡಿದ್ದಾರೆ. ಹೆಂಡತಿ ಶಿಫಾ ಕಾಸಿದ ಗ್ರೀನ್ ಟೀ ಗುಲಾಬಿ ಗಿಡದ ಪಾಲು, ಬ್ಲ್ಯಾಕ್ ಟೀ ಸಿಂಕಿನ ಪಾಲು. ಇವತ್ತು ಪಕ್ಕದ ಮನೆಯ ಹರಿಣಿ ಸಕ್ಕರೆ ಹಾಕದ ಫಿಲ್ಟರ್ ಕಾಫಿ ತಂದಳು. "ಅಂಕಲ್, ನಿಮಗೆ ಕೆಫೀನ್ ತಾನೇ ಬೇಕು? ಇದರಲ್ಲೂ ಇದೆ. ಕಾಲಾದ್ರೂ ಉಳಿಯುತ್ತೆ." ಅವನು ಲೋಟವನ್ನು ಮೂಗಿಗೆ ಹಿಡಿದು ಎದೆ ತುಂಬ ಉಸಿರೆಳೆದ, ಮತ್ತೆ ಎಳೆದ. ಕೋವಿಡ್ ಬಂದುಹೋದಂದಿನಿಂದ ಆ ಮೂಗಿಗೆ ಯಾವ ವಾಸನೆಯೂ ತಾಗಿಲ್ಲ, ನಾಲಿಗೆಗೆ ರುಚಿಯೂ ಇಲ್ಲ. "ತಗೊಂಡ್ಹೋಗಮ್ಮ. ಕೋಲಾ ಆದ್ರೆ ನಾಲಿಗೆಗೆ ಚುಚ್ಚುತ್ತೆ, ಏನೋ ಕುಡಿದೆ ಅಂತಾದ್ರೂ ಗೊತ್ತಾಗುತ್ತೆ. ಇದನ್ನ ಬಾಯಿಗೆ ಹಾಕ್ಕೊಂಡಾಗೆಲ್ಲ ನಮ್ಮ ತಾತ ಇನ್ನೊಂದ್ಸಲ ಸಾಯ್ತಾರೆ."