ಕಲೊಲೈನೆಯ ಮೂರು ಟಿವಿ

ಕಲೊಲೈನೆ ಅಕ್ಕ ಆಕ್ಲೆಂಡ್ ಬಿಟ್ಟು ಟೊಂಗಾದ ನಮ್ಮೂರಿಗೆ ಬಂದಾಗ ಹಡಗಿನಲ್ಲಿ ಮೂರು ಟಿವಿ ತಂದಳು. ಮನೆಯಲ್ಲಿ ಇರುವವರು ಇಬ್ಬರೇ, ಅವಳು ಮತ್ತು ಅವಳ ತಮ್ಮ ಸಿಯೊಸಾಯಾ. ಇಬ್ಬರಿಗೆ ಮೂರು ಟಿವಿ ಯಾಕಮ್ಮಾ ಎಂದು ಬಂದರಿನ ಗುಮಾಸ್ತ ಕೇಳಿದನಂತೆ. "ಯಾಕೋ, ನಿನಗೆ ಅಕ್ಕ-ತಂಗಿ ಯಾರೂ ಇಲ್ವಾ?" ಎಂದು ಇವಳು ತಿರುಗಿ ಕೇಳಿದಳಂತೆ. ಅವನು ಬಾಯಿ ಮುಚ್ಚಿಕೊಂಡು ಮುದ್ರೆ ಒತ್ತಿದ.

ಟೊಂಗಾದವನು ಯಾವನಾದರೂ ಬಾಯಿ ಮುಚ್ಚಲೇಬೇಕಾದ ಪ್ರಶ್ನೆ ಅದು. ಒಡಹುಟ್ಟಿದ ಗಂಡು ಹೆಣ್ಣು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ. ಪರದೆಯ ಮೇಲೆ ಯಾವನೋ ಯಾವಳನ್ನೋ ತಬ್ಬಿಕೊಂಡರೆ ಇಬ್ಬರೂ ಮುಖ ಎಲ್ಲಿಟ್ಟುಕೊಳ್ಳಬೇಕು? ಅಕ್ಕನ ಕಿವಿಗೆ ಬೀಳುವ ಹಾಗೆ ಪೋಲಿ ಮಾತಿಲ್ಲ, ಬೈಗುಳವಂತೂ ಕನಸಿನಲ್ಲೂ ಇಲ್ಲ. ಅಕ್ಕ ಹಜಾರಕ್ಕೆ ಬಂದು ಕೂತಳೋ, ತಮ್ಮ ಬೆನ್ನು ಬಗ್ಗಿಸಿಕೊಂಡು ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುತ್ತಾನೆ. ಅದು ಸಿಟ್ಟಲ್ಲ, ಮರ್ಯಾದೆ.

ಪಕ್ಕದ ಮನೆಯ ನಾನು ಅಣ್ಣ ಎಂದು ಕರೆಯುವ ಸಿಯೊಸಾಯಾನಿಗೋ ಮರ್ಯಾದೆ ಮೈತುಂಬ. ಹರೆಯದಲ್ಲಿ ಹಡಗಿನ ಹಗ್ಗ ಎಳೆಯುತ್ತಿದ್ದವನು ಈಗ ಇಗರ್ಜಿಯ ಹಾಡುಗುಂಪಿನ ಮುಖ್ಯಸ್ಥ. ಹೆಂಡತಿ ತೀರಿಕೊಂಡು ಎಂಟು ವರ್ಷ. ಒಬ್ಬನೇ ಮಗ ಫತಾಯಿ ರಗ್ಬಿ ಆಡಲು ಹೊರದೇಶ ಸೇರಿದ್ದ. ಅಕ್ಕ ಬಂದ ದಿನದಿಂದ ಅಣ್ಣ ಸಂಜೆಯಾದರೆ ಬೇಲಿ ದಾಟಿ ನಮ್ಮನೆಗೆ ಬಂದು ನನ್ನ ಗಂಡನ ಪಕ್ಕ ಕೂರುತ್ತಿದ್ದ. ಏಳುತ್ತಿದ್ದದ್ದು ಊಟಕ್ಕೆ, ಅದೂ ನಮ್ಮನೆಯ ಊಟಕ್ಕೆ.

ಅಕ್ಕನ ಸಂಕಟ ನನಗೊಬ್ಬಳಿಗೇ ಗೊತ್ತಿತ್ತು. ಮೂವತ್ತೊಂದು ವರ್ಷ ಆಕ್ಲೆಂಡಿನ ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದವಳು ಅವಳು. ಪ್ರತಿ ಕ್ರಿಸ್ಮಸ್ಸಿಗೆ ತಮ್ಮನಿಗೆ ಡಬ್ಬಿ ಮಾಂಸ, ಅಂಗಿ, ಫತಾಯಿಗೆ ಬೂಟು ಕಳಿಸಿದವಳು. ಬಾಯಿ ತೆರೆದರೆ ಚಿನ್ನದ ಹಲ್ಲು, ನಡೆದರೆ ದಾರಿಯೇ ಅವಳಿಗೆ ಪಕ್ಕಕ್ಕೆ ಸರಿಯಬೇಕು. ಅಂಥವಳು ಒಂದು ದಿನ ಗೆಣಸು ಸುಲಿಯುತ್ತಾ ಕಣ್ಣೊರೆಸಿಕೊಂಡಳು.

"ಲೋಸೆ, ಅಷ್ಟು ವರ್ಷ ಅವನ ಮುಖ ನೆನೆಸ್ಕೊಂಡು ಕಾಲ ಕಳೆದೆ ಕಣೇ. ಈಗ ದಿನಾ ಕಾಣಿಸೋದು ಅವನ ಬೆನ್ನು."

"ಬೆನ್ನೂ ಅವನದೇ ಅಲ್ವಾ ಅಕ್ಕ," ಎಂದೆ.

"ಹಲ್ಕಿರಿಬೇಡ. ಫತಾಯಿನ ದೇಶದ ತಂಡಕ್ಕೆ ತಗೊಂಡಿದಾರೆ. ಬರೋ ತಿಂಗಳು ಶನಿವಾರ ಸಮೋವಾ ಮೇಲೆ ಆಟ. ಅವತ್ತೊಂದು ದಿನ ಅವನು ಈ ಬೇಲಿ ದಾಟಬಾರದು. ಅವನ ಮಗ ಆಡೋದನ್ನ ಅವನು ಇದೇ ಮನೇಲಿ ನೋಡ್ಬೇಕು, ನಾನೂ ಇದೇ ಮನೇಲಿ ನೋಡ್ಬೇಕು. ಅಷ್ಟೇ ನನ್ನಾಸೆ."

ಒಂದೇ ಮನೆ, ಬೇರೆ ಬೇರೆ ಕೋಣೆ: ಮೂರು ಟಿವಿಯ ಗುಟ್ಟು ಇದೇ. ಒಂದು ಹಜಾರದಲ್ಲಿ ಅಕ್ಕನಿಗೆ, ಒಂದು ಅಂಗಳದಾಚೆ ತಮ್ಮ ಮಲಗುವ ಗುಡಿಸಿಲಿಗೆ, ಒಂದು ಅಡಿಗೆಮನೆಗೆ. ಅಡಿಗೆಮನೆಯದು ಯಾಕೆ ಎಂದರೆ ಅಕ್ಕನಿಗೆ ಮನಿಲಾದ ಪ್ರೇಮದ ಧಾರಾವಾಹಿ ನೋಡದೆ ಈರುಳ್ಳಿ ಹೆಚ್ಚಲು ಬರುವುದಿಲ್ಲ.

ಮೂರಕ್ಕೂ ಅಂತರ್ಜಾಲದ ಟಿವಿ ಹಾಕಲು ಸೆಮಿಸಿ ಬಂದ. ನಮ್ಮೂರಲ್ಲಿ ಫ್ರಿಜ್ಜು, ದೋಣಿಯ ಎಂಜಿನ್ನು, ಇಗರ್ಜಿಯ ಮೈಕು ಎಲ್ಲವನ್ನೂ ಒಂದೇ ಇಕ್ಕಳದಲ್ಲಿ ರಿಪೇರಿ ಮಾಡುವವನು ಅವನೇ. ವೈಫೈ ಗುಡಿಸಿಲ ತನಕ ಮುಟ್ಟಲಿಲ್ಲ. ಸೆಮಿಸಿ ಇನ್ನೊಂದು ವೈಫೈ ಡಬ್ಬಿ ತಂದು ದೀವಿಹಲಸಿನ ಮರದ ಕೊಂಬೆಗೆ ಕಟ್ಟಿ, ಮಳೆ ಬೀಳದಿರಲಿ ಎಂದು ಅದರ ಮೇಲೆ ಐಸ್‌ಕ್ರೀಂ ಡಬ್ಬ ಕವುಚಿದ. "ಇನ್ನು ಬಾವಲಿಗಳೂ ಪಿಕ್ಚರ್ ನೋಡ್ಬೋದು," ಎಂದ.

ಕಷ್ಟ ಶುರುವಾದದ್ದು ಆಮೇಲೆ. ಪ್ರತಿ ಟಿವಿಯೂ ಪರದೆಯ ಮೇಲೆ ಆರು ಅಂಕಿ ತೋರಿಸುತ್ತದೆ. ಅದನ್ನು ಅಕ್ಕನ ಫೋನಿನಲ್ಲಿ ಒತ್ತಬೇಕು. ಸ್ವಲ್ಪ ತಡವಾದರೆ ಅಂಕಿಗಳು ಬದಲಾಗುತ್ತವೆ. ಅಕ್ಕನ ಫೋನು ಹಜಾರದಲ್ಲಿ, ಅಂಕಿಗಳು ಗುಡಿಸಿಲಲ್ಲಿ. ಫೋನನ್ನು ಅಕ್ಕ ಯಾರ ಕೈಗೂ ಕೊಡುವವಳಲ್ಲ, ತಮ್ಮನ ಗುಡಿಸಿಲಿಗೆ ತಾನು ಹೋಗುವಂತೆಯೂ ಇಲ್ಲ. ಅಲ್ಲಿಂದ ಕೂಗಿ ಹೇಳು ಎಂದರೆ ತಮ್ಮ ಅಕ್ಕನ ಮೇಲೆ ಕೂಗುತ್ತಾನೆಯೇ? ಹಾಗಾಗಿ ನಡುವೆ ಓಡಿದವಳು ನಾನು.

"ಬೇಗ ಹೇಳಣ್ಣ," ಎಂದೆ.

"ಅಕ್ಕನಿಗೆ ತೊಂದರೆ ಇಲ್ಲದಿದ್ರೆ... ಏಳು," ಎಂದ ಅಣ್ಣ. "ಆಮೇಲೆ, ಅವರು ಒಪ್ಪಿದ್ರೆ, ಎರಡು."

"ಅಣ್ಣಾ, ಅಂಕಿ ಹೇಳು, ಪ್ರಾರ್ಥನೆ ಮಾಡ್ಬೇಡ!"

ಓಡಿ ಹೋಗಿ ಹೇಳುವಷ್ಟರಲ್ಲಿ ಅಂಕಿ ಹಳಸಿರುತ್ತಿತ್ತು. "ಅವನಿಗೆ ಎಣಿಸೋಕೆ ಬರಲ್ವಾ ಅಂತ ಕೇಳು," ಎಂದು ಅಕ್ಕ ಗುಡುಗುತ್ತಿದ್ದಳು. ನಾನು ಹೋಗಿ, "ಅಕ್ಕ ನಿನ್ನ ದನಿ ಚೆನ್ನಾಗಿದೆ ಅಂದ್ರು," ಎನ್ನುತ್ತಿದ್ದೆ. ಅಣ್ಣ ಕೆಂಪಗಾಗಿ ಇನ್ನೂ ನಿಧಾನವಾಗುತ್ತಿದ್ದ. ಐದನೆಯ ಓಟಕ್ಕೆ ಗುಡಿಸಿಲ ಟಿವಿ ಹತ್ತಿತು. ನನ್ನ ಮೊಣಕಾಲು ಇವತ್ತಿಗೂ ಆ ದಿನವನ್ನು ಮರೆತಿಲ್ಲ.

ಪಾಸ್‌ವರ್ಡ್ ಏನಿಡೋಣ ಎಂದು ಸೆಮಿಸಿ ಕೇಳಿದ. ಅಕ್ಕ ಎದ್ದು ನಿಂತು, ಬೈಬಲ್ ಓದುವ ಗತ್ತಿನಲ್ಲಿ, ಫತಾಯಿಯ ಹೆಸರು, ಹುಟ್ಟಿದ ವರ್ಷ ಎರಡನ್ನೂ ಗಟ್ಟಿಯಾಗಿ ಹೇಳಿದಳು. ಸೆಮಿಸಿ ಹೊರಡುವಾಗ, "ಒಂದು ಸಲಕ್ಕೆ ನಾಲ್ಕು ಟಿವಿ ಮಾತ್ರ ನಡೆಯತ್ತೆ ಅಕ್ಕ, ನೆನಪಿರಲಿ," ಎಂದ.

"ನನ್ನ ಹತ್ರ ಇರೋದೇ ಮೂರು," ಎಂದಳು ಅಕ್ಕ.

ಈಗ ನನ್ನ ಪಾಪದ ಕಥೆ. ಮೂರು ಟಿವಿ ಇದೆ, ನಾಲ್ಕು ನಡೆಯುತ್ತದೆ, ಒಂದು ದಂಡವಾಗುತ್ತದಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಪಾಸ್‌ವರ್ಡ್ ಇದ್ದರೆ ಆರು ಅಂಕಿ ಬೇಡ. ಅವತ್ತೇ ಸಂಜೆ ನಮ್ಮನೆ ಟಿವಿಗೆ ಅಕ್ಕನ ಫೋನ್ ನಂಬರು, ಅದೇ ಹೆಸರು, ಅದೇ ವರ್ಷ ಒತ್ತಿದೆ. ಬೆಣ್ಣೆಯಂತೆ ನಡೆಯಿತು. ಮಾರನೆಯ ವಾರ ಪಾದ್ರಿಯ ಹೆಂಡತಿ ನಮ್ಮನೆಗೆ ಬಂದು ನೋಡಿ, ನನಗೂ ಹೇಳೇ ಎಂದಳು. ಕೇಳಿದವರಿಗೆ ಇಲ್ಲ ಎನ್ನುವ ಮಾತು ನಮ್ಮ ಊರಿನವರ ನಾಲಿಗೆಗೆ ಒಗ್ಗುವುದಿಲ್ಲ, ಅದರಲ್ಲೂ ಪಾದ್ರಿಯ ಮನೆಗೆ. ಕೊಟ್ಟೆ. ಆಮೇಲೆ ಊರ ಮುಖಂಡ ಕೇಳಿದ, ಕೊಟ್ಟೆ. ಕಾವಾ ಬೇರಿನ ರಸ ಕುಡಿಯುವ ಗಂಡಸರ ಕೂಟಕ್ಕೆ ನನ್ನ ಗಂಡನೇ ದಾನ ಮಾಡಿ ಬಂದ. ಅಲ್ಲಿ ಒಂದಿಷ್ಟು, ಇಲ್ಲಿ ಒಂದಿಷ್ಟು ನೋಡುತ್ತಿದ್ದರಿಂದ ತಿಂಗಳಿಡೀ ಯಾರಿಗೂ ಏನೂ ತಿಳಿಯಲಿಲ್ಲ.

ಶನಿವಾರ ಬಂತು. ಅಕ್ಕ ಬೆಳಿಗ್ಗೆಯೇ ನೆಲದೊಲೆ ಹಾಕಿಸಿದಳು. ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಸುತ್ತಿ ಬೇಯಿಸಿ, ತಮ್ಮನ ಪಾಲನ್ನು ನನ್ನ ಕೈಯಲ್ಲಿ ಗುಡಿಸಿಲಿಗೆ ಕಳಿಸಿದಳು. ಅಣ್ಣ ಕೆಂಪು ಅಂಗಿ ತೊಟ್ಟು, ಸೊಂಟಕ್ಕೆ ಮದುವೆ-ಸಾವುಗಳಿಗೆ ಕಟ್ಟುವ ಒಳ್ಳೆಯ ಚಾಪೆ ಸುತ್ತಿಕೊಂಡು ಟಿವಿ ಮುಂದೆ ಕೂತಿದ್ದ. ಬೇಲಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಅದನ್ನು ಹೇಳಿದ್ದಕ್ಕೆ ಅಕ್ಕ ನನಗೆ ಎರಡು ಪೊಟ್ಟಣ ಹೆಚ್ಚಿಗೆ ಕೊಟ್ಟಳು.

ಆಟಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಹಜಾರದ ಟಿವಿ ಹಾಕಿದೆವು. ಪರದೆಯ ಮೇಲೆ ಒಂದೇ ಸಾಲು: ಈಗಾಗಲೇ ನಾಲ್ಕು ಟಿವಿಗಳಲ್ಲಿ ನೋಡುತ್ತಿದ್ದಾರೆ, ಒಂದನ್ನು ನಿಲ್ಲಿಸಿ. ಅಡಿಗೆಮನೆಗೆ ಓಡಿದೆ, ಅಲ್ಲೂ ಅದೇ. ಗುಡಿಸಿಲಲ್ಲಿ ಅಣ್ಣ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, "ಅಕ್ಕ ಏನಾದ್ರೂ ಬೇಡ ಅಂದ್ರಾ?" ಎಂದು ಕೇಳಿದ.

ಸೆಮಿಸಿಗೆ ಫೋನ್ ಮಾಡಿದೆವು. ಅವನು ಅಲ್ಲಿಂದಲೇ ಏನೋ ನೋಡಿ ಪಟ್ಟಿ ಓದತೊಡಗಿದ. "ಪಾದ್ರಿಗಳ ಮನೆ. ಮುಖಂಡರ ಮನೆ. ಕಾವಾ ಕೂಟ. ಮತ್ತೆ ಲೋಸೆ ಮನೆ."

ಅಕ್ಕ ಫೋನಿಟ್ಟು ನನ್ನನ್ನೇ ನೋಡಿದಳು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಅವಳು ಕೊಟ್ಟಿದ್ದ ಪೊಟ್ಟಣಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ.

"ನಾಲ್ಕನೇದು ದಂಡ ಆಗ್ತಿತ್ತಲ್ಲ ಅಂತ..." ಎಂದೆ.

"ನಿನ್ನ ಮನೆ ಹಾಳಾಗ! ಬಾಯಿ ಅಂತ ಇಟ್ಕೊಂಡಿದೀಯೋ ಊರ ಬಾವಿ ಅಂತ ಇಟ್ಕೊಂಡಿದೀಯೋ?"

ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲರೂ ಒಂದೇ ಏಟಿಗೆ ಹೊರಬೀಳುತ್ತಾರೆ ಎಂದಿದ್ದ ಸೆಮಿಸಿ. ಅಕ್ಕ ಒಪ್ಪಲಿಲ್ಲ. "ಪಾದ್ರಿಗಳು ನೋಡ್ತಾ ಇರೋದನ್ನ ಕಿತ್ಕೊಳ್ಳೋದಾ? ಕೊಟ್ಟಿದ್ದು ಈ ಮಹಾತಾಯಿ, ಆದ್ರೆ ಹೆಸರು ನಂದಲ್ವಾ. ಬೇಡ. ಇವಳ ಮನೇದೊಂದು ಆರಿಸ್ಲಿ, ಸಾಕು."

ಗಂಡನಿಗೆ ಫೋನ್ ಮಾಡಿ, ಆರಿಸದಿದ್ದರೆ ಈ ಜನ್ಮದಲ್ಲಿ ಊಟವಿಲ್ಲ ಎಂದೆ. ಆರಿಸಿದ. ಹಜಾರದ ಟಿವಿ ತಟ್ಟನೆ ಬೆಳಗಿತು. ಮೈದಾನದಲ್ಲಿ ರಾಷ್ಟ್ರಗೀತೆ ನಡೆಯುತ್ತಿತ್ತು. ಆದರೆ ಒಂದೇ ಟಿವಿ. ಗುಡಿಸಿಲಿಗೆ ಹೋಗಿ ವಿಷಯ ಹೇಳಿದೆ.

"ಅಕ್ಕ ನೋಡ್ಲಿ," ಎಂದ ಅಣ್ಣ ತಕ್ಷಣ. "ನಾನು ಪಾದ್ರಿಗಳ ಮನೆಗೆ ಹೋಗ್ತೀನಿ." ಎದ್ದೇಬಿಟ್ಟ.

ಹಜಾರಕ್ಕೆ ಓಡಿದೆ. "ಅವನೇ ನೋಡ್ಲಿ ಅಂತ ಹೇಳು," ಎಂದಳು ಅಕ್ಕ. "ಹಡೆದೋನು ಅವನು. ನಾನು ಆಮೇಲೆ ಕೇಳಿ ತಿಳ್ಕೋತೀನಿ. ಬೇಲಿ ಮಾತ್ರ ದಾಟ್ಬೇಡ ಅನ್ನು." ಹೇಳಿ, ಹಜಾರದ ಟಿವಿ ಆರಿಸಲು ರಿಮೋಟು ಎತ್ತಿಕೊಂಡಳು. ಅಷ್ಟರಲ್ಲಿ ಅವಳ ಕಣ್ಣು ಅಂಗಳದ ಕಡೆಯ ಕಿಟಕಿಯ ಮೇಲೆ ಬಿತ್ತು. ರಿಮೋಟು ಕೆಳಗಿಟ್ಟಳು.

"ಲೋಸೆ, ಒಂದೇ ಕೋಣೇಲಿ ಕೂರ್ಬಾರ್ದು ಅಂತ ತಾನೇ ನಮ್ಮ ಪದ್ಧತಿ?"

"ಹೂಂ ಅಕ್ಕ."

"ಅಂಗಳ ಕೋಣೆನಾ?"

"ಅಲ್ಲ ಅಕ್ಕ."

"ಹಾಗಾದ್ರೆ ನಿಂತೇನು ನೋಡ್ತೀಯ, ಟಿವಿ ತಿರುಗ್ಸು!"

ಇಬ್ಬರೂ ಸೇರಿ ಟಿವಿಯನ್ನು ಕಿಟಕಿಯ ಕಡೆಗೆ ಓರೆಯಾಗಿ ತಿರುಗಿಸಿದೆವು. ಕಿಟಕಿಯ ಅರ್ಧಕ್ಕೆ ಚಾಪೆ ಕಟ್ಟಿದೆ. ಹೊರಗಿನವನಿಗೆ ಟಿವಿ ಕಾಣಬೇಕು, ಅಕ್ಕ ಕಾಣಬಾರದು. ಅಣ್ಣ ಗೇಟಿನ ತನಕ ಹೋಗಿಬಿಟ್ಟಿದ್ದ. ಅಂಗಿ ಹಿಡಿದು ಎಳೆತಂದು ಕಿಟಕಿಯ ಹೊರಗೆ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂರಿಸಿದೆ. "ಅಕ್ಕನ ಅಪ್ಪಣೆ," ಎಂದೆ. ಗೋಡೆಯ ಒಳಗೆ ಅಕ್ಕ, ಹೊರಗೆ ತಮ್ಮ, ನಡುವೆ ಎರಡು ಮೊಳ. ಮೂವತ್ತೊಂದು ವರ್ಷದಲ್ಲಿ ಅವರು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಫತಾಯಿಯನ್ನು ಕೊನೆಯ ಹತ್ತು ನಿಮಿಷಕ್ಕೆ ಇಳಿಸಿದರು. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹೊರಗೆ ಪೆಟ್ಟಿಗೆ ಕಿರುಗುಟ್ಟಿತು. ಮೊದಲನೆಯ ಚೆಂಡು ನೇರವಾಗಿ ಅವನ ಕೈಗೇ ಬಂತು. ಮುಂದೆ ಒಬ್ಬನೇ ಒಬ್ಬ ಎದುರಾಳಿಯಿಲ್ಲ. ನಮ್ಮ ಕುಮಾರ ಕಂಠೀರವ ಚೆಂಡನ್ನು ಸೋಪಿನಂತೆ ಜಾರಿಸಿ ಕೆಳಗೆ ಹಾಕಿದ.

ಆಗ ಕಿಟಕಿಯ ಹೊರಗಿನಿಂದ ಒಂದು ಮಾತು ಬಂತು. ಅದನ್ನು ನಾನು ಇಲ್ಲಿ ಬರೆಯಲಾರೆ. ಹಡಗಿನ ಹಗ್ಗ ತುಂಡಾಗಿ ಕಾಲಿನ ಮೇಲೆ ಬಿದ್ದಾಗ ಗಂಡಸರು ಆಡುವ ಮಾತು ಅದು. ಹಾಡುಗುಂಪಿನ ಮುಖ್ಯಸ್ಥನ ದನಿಯಲ್ಲವೇ, ಮನೆಯಿಡೀ ಮೊಳಗಿತು.

ಅಕ್ಕನ ಕಿವಿಗೆ ಬಿದ್ದ ಇಂಥ ಮಾತಿಗೆ ನಮ್ಮಲ್ಲಿ ಕ್ಷಮೆ ಕೇಳುವುದಕ್ಕೂ ಮುಖವಿರುವುದಿಲ್ಲ. ಚಾಪೆಯ ಸಂದಿಯಲ್ಲಿ ಇಣುಕಿದೆ. ಅಣ್ಣ ಎದ್ದು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಒಂದು ಹೆಜ್ಜೆ ಬೇಲಿಯ ಕಡೆಗಿಟ್ಟಿದ್ದ. ಇವತ್ತು ದಾಟಿದರೆ ಈ ಮನುಷ್ಯ ಇನ್ನು ಈ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ನನಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು.

"ಲೋಸೆ," ಎಂದಳು ಗಟ್ಟಿಯಾಗಿ, ಟಿವಿಯಿಂದ ಕಣ್ಣು ತೆಗೆಯದೆ. "ಹೊರಗೆ ಯಾವ್ದೋ ನಾಯಿ ಬೊಗಳ್ತಲ್ಲ?"

"ಹ್ಞಾಂ ಅಕ್ಕ... ನಮ್ಮನೇದೇ ಇರ್ಬೇಕು."

"ಒಳ್ಳೇ ಬುದ್ಧಿವಂತ ನಾಯಿ ಕಣೇ. ಅಂಥ ಚೆಂಡು ಬಿಟ್ಟೋನಿಗೆ ಸರಿಯಾದ ಮಾತೇ ಬೊಗಳಿದೆ. ಓಡಿಸ್ಬೇಡ ಅದನ್ನ. ಅಲ್ಲೇ ಕೂತಿರ್ಲಿ."

ಆಮೇಲೆ ಪೆಟ್ಟಿಗೆ ಮತ್ತೆ ಕಿರುಗುಟ್ಟಿತು. ಅದರ ಹಿಂದೆಯೇ ಕೆಮ್ಮಿನಂಥ ಒಂದು ಸದ್ದು. ಅಣ್ಣ ನಗು ತಡೆಯಲು ಪಾಡು ಪಡುತ್ತಿದ್ದ. ಒಳಗೆ ಅಕ್ಕ ಸೆರಗಿಲ್ಲದ್ದಕ್ಕೆ ದಿಂಬನ್ನೇ ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೊನೆಯ ನಿಮಿಷದಲ್ಲಿ ಫತಾಯಿ ಮೂರು ಜನರನ್ನು ಬೆನ್ನಿಗೆ ಅಂಟಿಸಿಕೊಂಡು ಇಪ್ಪತ್ತು ಹೆಜ್ಜೆ ಓಡಿದಾಗ ಗೋಡೆಯ ಎರಡೂ ಕಡೆಯಿಂದ ಒಂದೇ ಕೂಗು ಎದ್ದಿತು. ಪಂದ್ಯ ಸೋತೆವು. ನಮ್ಮ ಮೂವರಲ್ಲಿ ಯಾರಿಗೂ ಅದು ಬೇಸರವಾಗಲಿಲ್ಲ.

ಸೋಮವಾರ ಸೆಮಿಸಿ ಬಂದು ಟಿವಿಗೆ ದೊಡ್ಡ ಪ್ಲಾನ್ ಹಾಕಿಸಿದ. ಈಗ ಎಂಟು ಟಿವಿ ನಡೆಯುತ್ತದೆ, ಪಾದ್ರಿಗಳೂ ಇರಬಹುದು, ಲೋಸೆಯೂ ಇರಬಹುದು, ಗುಡಿಸಿಲ ಟಿವಿಯೂ ಕನ್ನಡಿಯಂತೆ ಬರುತ್ತಿದೆ ಎಂದ. ಅಕ್ಕ ತಲೆಯಾಡಿಸಿ ಅವನಿಗೆ ಊಟ ಹಾಕಿ ಕಳಿಸಿದಳು. ಸಂಜೆ ನನ್ನನ್ನು ಕರೆದಳು. ಕಿಟಕಿಯ ಗಾಜುಗಳನ್ನು, ಸೆಖೆ ಎಂದು, ಬಿಚ್ಚಿಸಿಟ್ಟಿದ್ದಳು. ಟಿವಿ ಇನ್ನೂ ಓರೆಯಾಗಿಯೇ ಇತ್ತು.

"ಹೋಗಿ ಅವನಿಗೆ ಹೇಳು, ಗುಡಿಸಿಲ ಟಿವಿ ಕೆಟ್ಟಿದೆ, ರಿಪೇರಿ ಆಗಲ್ಲ ಅಂತ."

ಈ ಸಲ ಒಂದು ಅಕ್ಷರವನ್ನೂ ಬದಲಾಯಿಸದೆ ಹೇಳಿದೆ. ಅಣ್ಣ ಗುಡಿಸಿಲಲ್ಲಿ ಟಿವಿ ನೋಡುತ್ತಾ ಕೂತಿದ್ದ. ಚಿತ್ರ ನಿಜಕ್ಕೂ ಕನ್ನಡಿಯಂತಿತ್ತು. ಕೈ ಚಾಚಿ ಅದನ್ನು ಆರಿಸಿ, ಸೊಂಟದ ಚಾಪೆ ಬಿಗಿ ಮಾಡಿಕೊಂಡು ಎದ್ದ.

"ನಾನೇ ಹೇಳ್ಬೇಕು ಅಂತಿದ್ದೆ ಲೋಸೆ," ಎಂದ. "ಶನಿವಾರದಿಂದಲೂ ಕೆಟ್ಟಿದೆ."