ಪ್ರೆಸಿಡೆಂಟರ ಪೇಟ

ಅಧಿಕಾರ ಶಾಶ್ವತವಲ್ಲ. ರಾಜರು ಬಂದರು, ಹೋದರು. ಸಾಮ್ರಾಜ್ಯಗಳು ಎದ್ದವು, ಬಿದ್ದವು. ಕಾಲದ ಮುಂದೆ ಯಾವ ಸಿಂಹಾಸನವೂ ಗಟ್ಟಿಯಲ್ಲ. ಈ ಮಾತಿಗೆ ನನಗೆ ತಿಳಿದಿರುವ ಏಕೈಕ ಅಪವಾದ ನಮ್ಮ ಕನ್ನಡ ಸಂಘದ ಅಧ್ಯಕ್ಷರು.

ಮೊನ್ನೆ ಗಣೇಶನ ಹಬ್ಬಕ್ಕೆಂದು ಬೇಸ್‌ಮೆಂಟಿನಲ್ಲಿ ಸೀರಿಯಲ್ ಸೆಟ್ ಹುಡುಕುತ್ತಿದ್ದಾಗ ದುಂಡನೆಯ ರಟ್ಟಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆ, ಬಹಳ ಹಿಂದೆ, ಗಂಧದ ಹಾರದ ವಾಸನೆ... ಒಳಗೆ ಮೈಸೂರು ಪೇಟ. ಜರಿ ಅಲ್ಲಲ್ಲಿ ಕಪ್ಪಾಗಿತ್ತು.

ಮೇಲಿನಿಂದ ನನ್ನ ಹೆಂಡತಿ, "ಸಿಕ್ತೇನ್ರೀ?" ಎಂದಳು.

"ಪೇಟ ಸಿಕ್ತು ಕಣೇ."

ಅವಳ ಹೆಜ್ಜೆ ಮೆಟ್ಟಿಲ ತುದಿಗೆ ಬಂತು. ಆಮೇಲೆ, "ಅಲ್ಲೇ ಇಡಿ ಅದನ್ನ. ಯಾರಿಗಾದ್ರೂ ಕೊಟ್ಟುಬಿಟ್ಟೀರಿ ಮತ್ತೆ," ಎಂದಳು.

ಅದನ್ನು ತೊಟ್ಟಿದ್ದವರು ವುಡ್‌ರಿಡ್ಜ್‌ನ ನಮ್ಮ ಬೀದಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದರು. ಡಾಕ್ಟರಾಗಿದ್ದ ಮಗಳ ಜೊತೆ ವಾಸ. ಎತ್ತರದ, ಬೆನ್ನು ಬಾಗದ ಮುದುಕರು. ಬುಧವಾರ ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ತಳ್ಳಿಕೊಂಡು ಹೋಗುವುದು ಆ ಮನೆಯಲ್ಲಿ ಅವರ ಪಾಲಿನ ಕೆಲಸ. ತಮ್ಮದನ್ನಿಟ್ಟು, ನಾನು ಎದ್ದಿರದಿದ್ದರೆ ನಮ್ಮದನ್ನೂ ತಂದಿಡುತ್ತಿದ್ದರು. ಹಿಡಿಕೆ ಮನೆಯ ಕಡೆಗೆ, ಮುಚ್ಚಳ ರಸ್ತೆಯ ಕಡೆಗೆ, ಗೌರವ ವಂದನೆಗೆ ನಿಂತ ಸಿಪಾಯಿಗಳ ಹಾಗೆ. "ಹೆಡ್‌ಮಾಸ್ಟರ್ ಆಗಿದ್ದವರೇ ಇರ್ಬೇಕು ಕಣ್ರೀ, ಆ ನಡಿಗೆ ನೋಡಿ," ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಿದ್ದಳು. ಅದು ಅರ್ಧ ನಿಜವಾಗಿತ್ತು.

ಉಳಿದರ್ಧವನ್ನು ಪತ್ತೆ ಮಾಡಿದವಳು ನನ್ನ ಮಗಳು. ಅವರ ಹೆಸರನ್ನು ಫೋನಿನಲ್ಲಿ ಹುಡುಕಿ, ಊಟದ ಮೇಜಿಗೆ ಬಂದು, "ಅಪ್ಪಾ, ಹೀ ವಾಸ್ ದ ಪ್ರೆಸಿಡೆಂಟ್. ಲೈಕ್, ಆಫ್ ಆನ್ ಆ್ಯಕ್ಚುವಲ್ ಕಂಟ್ರಿ," ಎಂದಳು. ಆ 'ಆ್ಯಕ್ಚುವಲ್' ನಮ್ಮ ಸಂಘವನ್ನು ಕುರಿತದ್ದೆಂದು ನನಗೆ ಅರ್ಥವಾಯಿತು. ಅರ್ಥವಾಗದವನಂತೆ ಸಾರು ಬಡಿಸಿಕೊಂಡೆ. ಆಫ್ರಿಕಾದ ಪಶ್ಚಿಮ ಕರಾವಳಿಯ ಸಣ್ಣ ದೇಶ ಅದು. ಹೆಸರು ಬರೆಯುವುದಿಲ್ಲ. ಒಮ್ಮೆ ಹೇಳಿ ಆದ ಅನಾಹುತವೇ ಸಾಕು.

ಮುಂದಿನ ಬುಧವಾರದಿಂದ ನಾನು ಕಸ ಹಾಕಲು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಹೋಗತೊಡಗಿದೆ. ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯೊಂದರಲ್ಲಿ ಬೇರಿಂಗುಗಳ ಅಳತೆ ನೋಡುತ್ತ ಆಯುಷ್ಯ ಕಳೆದವನು ನಾನು. ಒಂದು ದೇಶದ ಪ್ರಥಮ ಪ್ರಜೆ ನನ್ನ ಮನೆಯ ಬಾಳೆಹಣ್ಣಿನ ಸಿಪ್ಪೆಯನ್ನು ಬೀದಿಗೆ ತಳ್ಳಿದ್ದಾರೆ ಎಂಬ ಸಂಗತಿ ಜೀರ್ಣವಾಗಲು ತಿಂಗಳುಗಳೇ ಬೇಕಾದವು. ನನ್ನ ಹೆಂಡತಿಗೆ ಆ ಕಷ್ಟವಿರಲಿಲ್ಲ. ಊರಿನ ಪಂಚಾಯಿತಿಯವರನ್ನು ಕರೆದ ಹಾಗೆಯೇ ಅವರನ್ನು 'ಪ್ರೆಸಿಡೆಂಟರು' ಎಂದು ಕರೆದು, ಕೋಡುಬಳೆ ಕಳಿಸತೊಡಗಿದಳು. ಸಂಜೆ ನಮ್ಮ ಹಿತ್ತಿಲ ಮರದ ಡೆಕ್ಕಿನ ಮೇಲೆ ಕೂತು ಅವರು ಅದನ್ನು ಬಹಳ ಗಂಭೀರವಾಗಿ ತಿನ್ನುತ್ತಿದ್ದರು. ಆಡುತ್ತಿದ್ದದ್ದು ಇಂಗ್ಲಿಷು, ಆದರೆ ನೆನಪಿನಲ್ಲಿ ಅವರ ದನಿ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಮೀನುಗಾರರ ಊರು ಅವರದು. ಅಪ್ಪ ಕಡಲಿಗೆ ಹೋದವರು ಬರಲಿಲ್ಲ. ಅಕ್ಕ ಹೊಗೆಯಲ್ಲಿ ಒಣಗಿಸಿದ ಮೀನನ್ನು ತಲೆಯ ಮೇಲೆ ಹೊತ್ತು ಮಾರಿ ಇವರನ್ನು ಓದಿಸಿದರು. ಇವರು ಮೇಷ್ಟರಾದರು. ಬಂದರಿನ ಕೂಲಿಗಳ ಪರ ನಿಂತದ್ದಕ್ಕೆ ಆಗ ಆಳುತ್ತಿದ್ದ ಜನರಲ್ ಇವರನ್ನು ಜೈಲಿಗೆ ಹಾಕಿದ. ಅಲ್ಲಿ ಕಾವಲುಗಾರರ ಮಕ್ಕಳಿಗೆ ಅಕ್ಷರ ಕಲಿಸಿದರಂತೆ. ಜನರಲ್ ಬಿದ್ದ ಮೇಲೆ ಜನ ಇವರನ್ನೇ ಆರಿಸಿದರು. ಆಳಿದ ಕಾಲದ ಬಗ್ಗೆ ಒಂದೇ ದನಿಯಲ್ಲಿ, "ರಸ್ತೆ ಮಾಡಿಸಿದೆ, ಶಾಲೆ ಕಟ್ಟಿಸಿದೆ, ಕೆಲವು ಕಳ್ಳರನ್ನು ಮಂತ್ರಿ ಮಾಡಿದೆ," ಎಂದರು. ಮೂರನೆಯದರಿಂದಾಗಿ ಕೊನೆಯ ಚುನಾವಣೆಯಲ್ಲಿ ಕೂದಲೆಳೆಯಷ್ಟರಲ್ಲಿ ಸೋತರು.

ಆ ದೇಶದಲ್ಲಿ ಅಲ್ಲಿಯವರೆಗೆ ಆ ಕುರ್ಚಿಯಿಂದ ಯಾರೂ ತಾವಾಗಿ ಎದ್ದು ನಡೆದು ಹೋದದ್ದಿರಲಿಲ್ಲ. ಒಬ್ಬರನ್ನು ಹೊತ್ತುಕೊಂಡು ಹೋಗಿದ್ದರು, ಒಬ್ಬರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದ್ದರು. ಫಲಿತಾಂಶ ಬಂದ ಬೆಳಿಗ್ಗೆ ಸೇನೆಯ ಹಿರಿಯರು ಅರಮನೆಗೆ ಬಂದು, ಮತ್ತೊಮ್ಮೆ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದರಂತೆ. ಇವರು ಅವರಿಗೆ ಕಾಫಿ ತರಿಸಿ, ಕೂರಿಸಿ, ಒಳಗೆ ಹೋಗಿ ಗೆದ್ದವನಿಗೆ ಫೋನ್ ಮಾಡಿ ಅಭಿನಂದನೆ ಹೇಳಿ, ರೇಡಿಯೋದವರಿಗೂ ಹೇಳಿ ಬಂದರು.

ಭಯವಾಗಲಿಲ್ಲವೇ ಎಂದು ಕೇಳಿದೆ.

"ಆಯಿತು. ಅದಕ್ಕೇ ಅವರ ಕಾಫಿ ಮುಗಿಯುವುದರೊಳಗೆ ಮಾಡಿದೆ," ಎಂದು ಇನ್ನೊಂದು ಕೋಡುಬಳೆ ತೆಗೆದುಕೊಂಡರು.

ಗೆದ್ದವನಿಗೆ ಮಾತ್ರ ಇವರು ಊರಲ್ಲಿರುವಷ್ಟು ದಿನ ನಿದ್ದೆ ಹತ್ತಲಿಲ್ಲ. ಆರೋಗ್ಯದ ನೆಪ ಹೇಳಿ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡ. ವರ್ಷಗಳ ಓಡಾಟದ ಮೇಲೆ, ನಮ್ಮ ಪರಿಚಯ ಗಟ್ಟಿಯಾದ ಕಾಲಕ್ಕೆ, ಹಿಂದಿರುಗಲು ಅನುಮತಿ ಸಿಕ್ಕಿತ್ತು. ಷರತ್ತು ಒಂದೇ: ಯಾವ ಪದವಿಯನ್ನೂ ತನ್ನದೆನ್ನಬಾರದು. ಟಿಕೆಟ್ ಆಗಿತ್ತು. ಅಕ್ಕನಿಗೆ ಕಣ್ಣು ಮಂಜಾಗಿತ್ತು, ಉಸಿರೂ ಸೋತಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಆಕೆ ಕೇಳುತ್ತಿದ್ದದ್ದು ಒಂದೇ ಮಾತು, "ಯಾವಾಗ?" ಈಗ ಮೊದಲ ಸಲ ಇವರು ತಿಂಗಳ ಹೆಸರು ಹೇಳಿದ್ದರು.

ಅಷ್ಟರಲ್ಲಿ ನಮ್ಮ ರಾಜ್ಯೋತ್ಸವ ಬಂತು.

ಪಕ್ಕದಲ್ಲೇ ರಾಷ್ಟ್ರಾಧ್ಯಕ್ಷರನ್ನು ಇಟ್ಟುಕೊಂಡು ಮುಖ್ಯ ಅತಿಥಿಗೆ ಪರದಾಡುವುದೇ ಎಂದು ನಮ್ಮ ಸಂಘದ ಅಧ್ಯಕ್ಷರು ಕೇಳಿದರು. ನೇಪರ್‌ವಿಲ್ ಕಡೆ ಮನೆ ಕಟ್ಟಿಸಿ ಮಾರುವ ಕಂಟ್ರಾಕ್ಟರು ಅವರು. ಸಂಘವನ್ನೂ ತಾವೇ ಕಟ್ಟಿಸಿದವರು, ಮಾರಿಲ್ಲ ಅಷ್ಟೆ. ಪ್ರೆಸಿಡೆಂಟರು ಸಂಕೋಚದಿಂದ ಒಪ್ಪಿದರು. ಮಕ್ಕಳ ಕುಣಿತವೆಂದರೆ ಅವರಿಗೆ ಇಷ್ಟ.

ನಮ್ಮವರ ಸನ್ಮಾನ ಎಂದರೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮದುವೆ ಮನೆಗಳಿಗೆ ಬಾಡಿಗೆ ಕೊಡುವವರಿಂದ ಸಿಂಹದ ಮುಖದ ಕೈಯಿದ್ದ ಕೆಂಪು ಮಖಮಲ್ಲಿನ ಸಿಂಹಾಸನ ತರಿಸಲಾಯಿತು. ಪೇಟ ಆಯಿತು, ಶಾಲು ಆಯಿತು, ಗಂಧದ ಹಾರ ಆಯಿತು, ಹಣ್ಣಿನ ಬುಟ್ಟಿ ಆಯಿತು. ಊರಲ್ಲಿ ದೊಡ್ಡವರಿಗೆ ಬೆಳ್ಳಿ ಖಡ್ಗ ಕೊಡುತ್ತಾರೆಂದು ಅಧ್ಯಕ್ಷರಿಗೆ ನೆನಪಾಗಿ, ಮಕ್ಕಳ ನಾಟಕದ ಪ್ಲೈವುಡ್ ಕತ್ತಿಯನ್ನು ಬೆಳ್ಳಿ ಕಾಗದ ಸುತ್ತಿ ಕೈಗಿಟ್ಟರು. ಮೇಲಿನಿಂದ ಹೂವು ಸುರಿಯಿತು. ಇನ್ನು ಪರಿಚಯ ಭಾಷಣ. ನಮ್ಮ ವೇದಿಕೆಯ ಮೇಲೆ ಯಾರೂ 'ಮಾಜಿ' ಅಲ್ಲ. ಒಮ್ಮೆ ಖಜಾಂಚಿಯಾದವನು ಕೊನೆಯುಸಿರಿನವರೆಗೂ ಖಜಾಂಚಿಯೇ. ಎದುರಿಗೆ ಕೂರಿಸಿಕೊಂಡು ಮಾಜಿ ಎನ್ನುವುದು ಅವಮಾನ. ಆ ಮರ್ಯಾದೆಯಿಂದಲೇ ಅಧ್ಯಕ್ಷರು ದೇಶದ ಹೆಸರು ಹೇಳಿ, ಇಂಗ್ಲಿಷಿನಲ್ಲಿ, ಅದರ "ಪ್ರೆಸಿಡೆಂಟ್" ಎಂದು ಘೋಷಿಸಿದರು. ಸಭಾಂಗಣ ಎದ್ದು ನಿಂತಿತು. ವಿಡಿಯೋ ಆ ಸಂಜೆಯೇ ಎಲ್ಲ ಕಡೆ ಹೋಯಿತು.

ಆ ದೇಶಕ್ಕೂ ಹೋಯಿತು.

ಅಲ್ಲಿ ನೋಡಿದವರಿಗೆ ಕಂಡದ್ದು ಇಷ್ಟು: ತಮ್ಮ ಹಳೆಯ ಅಧ್ಯಕ್ಷರು ಸಿಂಹಾಸನದ ಮೇಲೆ ಕೂತಿದ್ದಾರೆ, ತಲೆಗೆ ಬಂಗಾರದ ಕಿರೀಟ, ಕೈಯಲ್ಲಿ ಖಡ್ಗ, ಅವರು ಪ್ರೆಸಿಡೆಂಟ್ ಎಂಬ ಘೋಷಣೆ, ಹೂಮಳೆ. ಹಿಂದೆ ಸಾಲಾಗಿ ಪೇಟ ತೊಟ್ಟು ನಿಂತಿದ್ದ ನಮ್ಮ ಕಾರ್ಯಕಾರಿ ಸಮಿತಿಯನ್ನು ಅವರ ಹೊಸ ಮಂತ್ರಿಮಂಡಲವೆಂದು ಅಲ್ಲಿಯ ಪತ್ರಿಕೆಯೊಂದು ಬರೆಯಿತು. ಮೀಸೆಯಿದ್ದ ನಮ್ಮ ಖಜಾಂಚಿ ರಕ್ಷಣಾ ಸಚಿವರಿರಬೇಕೆಂದು ಊಹಿಸಲಾಗಿತ್ತು. ದೇಶದ ಹೊರಗೆ ಸರ್ಕಾರ ಸ್ಥಾಪನೆಯಾಗಿದೆ ಎಂದು ಅವರ ಕಡೆಯ ಜನ ಬೀದಿಗಿಳಿದರು. ಮೊದಲ ದಿನ ನಾವು ನಕ್ಕೆವು. ಎರಡನೆಯ ದಿನ ಬಂದ ವಿಡಿಯೋದಲ್ಲಿ ಆ ಜನರ ಎದುರು ಸೈನಿಕರ ಲಾರಿಗಳು ನಿಂತಿದ್ದವು... ಆಮೇಲೆ ಯಾರೂ ನಗಲಿಲ್ಲ.

ನಾನೂ ಸಂಘದ ಅಧ್ಯಕ್ಷರೂ ಕ್ಷಮೆ ಕೇಳಲು ಹೋದೆವು. ಹಣ್ಣಿನ ಬುಟ್ಟಿ ಮತ್ತು ಇನ್ನೊಂದು ಶಾಲು ತೆಗೆದುಕೊಂಡು ಹೋದೆವು. ಕ್ಷಮೆಗೂ ನಮಗೆ ಬೇರೆ ವಿಧಾನ ತಿಳಿಯದು.

ಅವರ ಮನೆಯ ಹಾಲ್ ಆಗಲೇ ತುಂಬಿತ್ತು. ಡೆಟ್ರಾಯಿಟ್ ಕಡೆಯಿಂದ ಅವರ ದೇಶದವರು ಎರಡು ಕಾರುಗಳಲ್ಲಿ ಬಂದಿದ್ದರು. ಅವರ ಮುಂದಾಳು ಆನ್ ಆರ್ಬರ್‌ನಲ್ಲಿ ಪಾಠ ಹೇಳುವ ಪ್ರೊಫೆಸರು, ಒಂದು ಕಾಲಕ್ಕೆ ಇವರ ಶಿಷ್ಯ. ಆತ ನಮ್ಮನ್ನು ಕಂಡು ಎದ್ದು ಕೈಕುಲುಕಿದ. ನಾವು ಮಾಡಿದ್ದು ತಪ್ಪಲ್ಲ, ಉಪಕಾರ ಎಂದ. ಮತ್ತೆ ತನ್ನ ಗುರುವಿನ ಕಡೆ ತಿರುಗಿ ನಿಂತೇ ಮಾತಾಡಿದ. ನೀವು ಏನೂ ಮಾಡಬೇಕಿಲ್ಲ, ಒಂದು ವಾರ ಸುಮ್ಮನಿದ್ದರೆ ಸಾಕು, ಜನ ಇನ್ನೂ ಹೊರಗೆ ಬರುತ್ತಾರೆ, ಸರ್ಕಾರ ತಾನೇ ಮಾತುಕತೆಗೆ ಕರೆಯುತ್ತದೆ, ಅಧ್ಯಕ್ಷರಾಗಿಯೇ ಇಳಿದು ಅಕ್ಕನನ್ನು ನೋಡಬಹುದು ಎಂದ. ಅಧ್ಯಕ್ಷನಲ್ಲವೆಂದು ಬಾಯಿ ಬಿಟ್ಟಿರೋ, ಅನುಮತಿಯಂತೂ ಆಗಲೇ ಹರಿದುಹೋಗಿದೆ, ಮತ್ತೆ ಊರು ಕಾಣುವುದಿಲ್ಲ ಎಂದ. ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದೇ ಕಷ್ಟವಾಗಿತ್ತು.

ನಮ್ಮ ಸಂಘದ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಕುರ್ಚಿಯ ತುದಿಗೆ ಸರಿದು ಅನುಭವದಿಂದ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿ, ಸಾಲದೆಂಬಂತೆ ನನಗೆ ಕನ್ನಡದಲ್ಲಿ ತಿರುಗಿ ಹೇಳಿದರು: "ಜನ ಕೇಳ್ತಿರೋವಾಗ ಬೇಡ ಅನ್ನಬಾರದು ಅಂತ ಹೇಳ್ರೀ ಅವರಿಗೆ. ನಾನೂ ಪ್ರತಿ ವರ್ಷ ಬೇಡ ಅಂತಾನೇ ಹೇಳ್ತೀನಿ, ಜನ ಬಿಡ್ಬೇಕಲ್ಲ."

ಪ್ರೆಸಿಡೆಂಟರು ಅವರನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಿನಿಂದಲ್ಲ, ಹಳೆಯ ಪರಿಚಯದವರೊಬ್ಬರನ್ನು ಗುರುತಿಸಿದ ಹಾಗೆ. ಆಮೇಲೆ ಒಳಗೆ ಹೋಗಿ ಪೇಟ ತಂದರು. ಪ್ರೊಫೆಸರನ ತೋಳು ತಟ್ಟಿ ಕೂರಿಸಿ, ಮಗಳಿಗೆ ಎಲ್ಲರಿಗೂ ಕಾಫಿ ಮಾಡಲು ಹೇಳಿದರು.

ಕಾಫಿ ಎಂದ ಕೂಡಲೇ ನಾನು ಶಾಲನ್ನು ಕೆಳಗಿಟ್ಟು ಎದ್ದು ನಿಂತೆ. ಆ ಕೋಣೆಯಲ್ಲಿ ಆ ಕಾಫಿಯ ಅರ್ಥ ಗೊತ್ತಿದ್ದವರು ಅವರು, ಅವರ ಮಗಳು, ಮತ್ತು ನಾನು. ಮಗಳು ಅಪ್ಪನ ಮುಖ ನೋಡಿದಳು, ಅಡಿಗೆಮನೆಗೆ ಹೋದಳು.

ಪ್ರೆಸಿಡೆಂಟರು ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಅಂದು ಬುಧವಾರ. ಕಸದ ಡಬ್ಬಿಗಳು ಖಾಲಿಯಾಗಿ ರಸ್ತೆಯಂಚಿನಲ್ಲಿದ್ದವು. ತಮ್ಮ ಡಬ್ಬಿಯ ಪಕ್ಕ, ಮಾಸಲು ಸ್ವೆಟರಿನಲ್ಲಿ, ಪೇಟವನ್ನು ಕೈಯಲ್ಲಿ ಹಿಡಿದು ನಿಂತು, ನನ್ನ ಫೋನಿನಲ್ಲಿ ವಿಡಿಯೋ ಮಾಡು ಎಂದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದೆ.

ಮೊದಲು ಅವರ ಭಾಷೆಯಲ್ಲಿ ಹೇಳಿದರು, ನಂತರ ಇಂಗ್ಲಿಷಿನಲ್ಲಿ.

"ಇದು ಕಿರೀಟ ಅಲ್ಲ, ಟೋಪಿ. ಈ ಜನ ಒಳ್ಳೆಯವರು, ಬಂದವರಿಗೆಲ್ಲ ಇದನ್ನು ಕೊಡುತ್ತಾರೆ. ಹೋದ ವರ್ಷ ಒಬ್ಬ ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದರು. ನಾನು ನಿಮ್ಮ ಅಧ್ಯಕ್ಷನಲ್ಲ. ನಾನು ಚುನಾವಣೆಯಲ್ಲಿ ಸೋತಿದ್ದೇನೆ. ಸೋತವರು ಮನೆಗೆ ಹೋಗುತ್ತಾರೆ. ನೀವೂ ಮನೆಗೆ ಹೋಗಿ."

ಮುಗಿಯಿತು ಎಂದು ನಾನು ಫೋನ್ ಇಳಿಸುತ್ತಿದ್ದೆ. ಅವರು ಕೈ ಎತ್ತಿ ತಡೆದು, ತಮ್ಮ ಭಾಷೆಯಲ್ಲಿ ಇನ್ನೊಂದು ಮಾತು ಸೇರಿಸಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ನಾನೂ ಕೇಳಲಿಲ್ಲ. ಅದು ಅಕ್ಕನಿಗೆ ಹೇಳಿದ್ದು ಎಂದು ಬಹಳ ಕಾಲದ ಮೇಲೆ ಅವರ ಮಗಳಿಂದ ತಿಳಿಯಿತು. "ಈ ತಿಂಗಳು ಅಲ್ಲ," ಎಂದಿದ್ದರಂತೆ.

ಒಳಗೆ ಕಾಫಿ ಮುಗಿಯುವ ಮೊದಲೇ ವಿಡಿಯೋ ಹೋಗಿತ್ತು. ಪ್ರೊಫೆಸರ್ ತನ್ನ ಫೋನಿನಲ್ಲಿ ಅದನ್ನು ನೋಡಿದ, ಲೋಟ ಕೆಳಗಿಟ್ಟ, ತನ್ನ ಗುರುವಿನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ. ನಮ್ಮ ಸಂಘದ ಅಧ್ಯಕ್ಷರು ನನ್ನ ಜೊತೆ ಬೀದಿಯ ತಿರುವಿನಲ್ಲಿದ್ದ ತಮ್ಮ ಕಾರಿನವರೆಗೆ ನಡೆಯುವಾಗ ಮಾತಾಡಲಿಲ್ಲ. ಅವರ ಮಟ್ಟಿಗೆ ಅದೊಂದು ದಾಖಲೆ. ಕೊನೆಗೆ, "ಅಲ್ಲಾ ರೀ, ಕೊಟ್ಟಿದ್ದನ್ನೇ ಬೇಡ ಅಂದ್ಬಿಟ್ರಲ್ಲ ಮನುಷ್ಯ," ಎಂದರು. ಅದು ನಿಂದೆಯೋ ಮೆಚ್ಚುಗೆಯೋ ಅವರಿಗೇ ತಿಳಿದಂತಿರಲಿಲ್ಲ.

ಪೇಟವನ್ನು ಪ್ರೆಸಿಡೆಂಟರು ನನ್ನ ಕೈಗೆ ಕೊಟ್ಟಿದ್ದರು. ಚೆನ್ನಾಗಿದೆ, ಇನ್ನೊಬ್ಬರಿಗೆ ಆಗುತ್ತದೆ ಎಂದಿದ್ದರು. ಸಂಘದ ಕಪಾಟಿಗೆ ಸೇರಿಸಬೇಕಾದ ವಸ್ತು ಅದು, ನಿಯಮದ ಪ್ರಕಾರ. ನಾನು ಸೇರಿಸಲಿಲ್ಲ. ಅದಕ್ಕೆ ತಕ್ಕ ತಲೆ ಇನ್ನೊಂದು ಕಂಡರೆ ಕೊಡೋಣವೆಂದು ನುಸಿಗುಳಿಗೆ ಹಾಕಿ ಇಟ್ಟೆ...

ಅಲ್ಲಿ ಜನ ಎರಡು ದಿನದಲ್ಲಿ ಚದುರಿದರು. ಗುಂಡು ಹಾರಲಿಲ್ಲ. ಅನುಮತಿ ಮಾತ್ರ ಮತ್ತೆ ಬರಲಿಲ್ಲ. ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಆ ವಾರವೂ ಪ್ರೆಸಿಡೆಂಟರು ಎರಡೂ ಮನೆಯ ಕಸದ ಡಬ್ಬಿಗಳನ್ನು ತಂದಿಟ್ಟರು. ನಾನು ಎದ್ದೇ ಇದ್ದೆ, ಇಸ್ತ್ರಿ ಪ್ಯಾಂಟು ತೊಟ್ಟು ಕಿಟಕಿಯ ಹಿಂದೆ ನಿಂತಿದ್ದೆ, ಹೊರಗೆ ಹೋಗುವ ಧೈರ್ಯ ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವರೂ ಹೋದರು. ಇಲ್ಲಿಂದ ಮೂರು ಎಕ್ಸಿಟ್ ಆಚೆ, ಹೆದ್ದಾರಿಯ ಸದ್ದು ಕೇಳಿಸುವಲ್ಲಿ ಮಣ್ಣಾದರು. ಮಗಳು ಮನೆ ಮಾರಿ ಬೇರೆ ಊರಿಗೆ ಹೋದಳು. ಈಗ ಆ ಮನೆಯಲ್ಲಿರುವವರು ಒಳ್ಳೆಯವರು, ಆದರೆ ಡಬ್ಬಿಯನ್ನು ಹೇಗೆಂದರೆ ಹಾಗೆ ಇಡುತ್ತಾರೆ.

ಪೇಟವನ್ನು ಮತ್ತೆ ಡಬ್ಬಿಯಲ್ಲಿಟ್ಟು, ಹೊಸ ನುಸಿಗುಳಿಗೆ ಹಾಕಿ, ಮುಚ್ಚಳ ಮುಚ್ಚಿದೆ. ಸೀರಿಯಲ್ ಸೆಟ್ ಸಿಗಲಿಲ್ಲ. ನಮ್ಮ ಸಂಘದಲ್ಲಿ ಈ ವರ್ಷವೂ ಅಧ್ಯಕ್ಷರ ಆಯ್ಕೆ ಅವಿರೋಧವಾಗಿ ಆಯಿತು.

ಪ್ರೆಸಿಡೆಂಟರ ದೇಶದಲ್ಲಿ ಆಮೇಲೆ ಎರಡು ಚುನಾವಣೆಗಳು ನಡೆದವು. ಎರಡರಲ್ಲೂ ಕುರ್ಚಿಯಲ್ಲಿದ್ದವರು ಸೋತರು. ಸೋತವರು ಮನೆಗೆ ಹೋದರು.