ಬಂಡೆಯ ಬಿರುಕಿನ ತುಂಬೆ

ತುಂಬೆ ಹೂವನ್ನು ಅದರ ಹಸಿರು ಗುಂಡಿನಿಂದ ಎಳೆದರೆ ಬುಡದಲ್ಲಿ ಒಂದು ಹನಿ ಸಿಹಿ ಇರುತ್ತದೆ. ನಾಲಿಗೆಗೆ ತಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಆ ಸೋಮವಾರ ನಾನು ರಸ್ತೆ ಬದಿಯ ಮೋರಿಯ ಪಕ್ಕ ನಿಂತು ಅದನ್ನು ಹೀರುತ್ತಿದ್ದೆ. ಇರಬೇಕಾಗಿದ್ದದ್ದು ಬೆಟ್ಟದ ಮೇಲೆ.

ರಾಯಲ್ಪಾಡಿನ ಹತ್ತಿರದ ನಮ್ಮೂರಿನಲ್ಲಿ ತುಂಬೆಗೇನೂ ಬರವಿಲ್ಲ. ಮಳೆ ಬಿದ್ದರೆ ಹಿತ್ತಿಲು, ಮಾವಿನ ತೋಪು, ಎಲ್ಲೆಂದರಲ್ಲಿ ಹುಟ್ಟಿ, ಬೀಜ ಉದುರಿಸಿ, ಬೇಸಿಗೆಗೆ ಮೊದಲೇ ಒಣಗಿಹೋಗುತ್ತದೆ. ಆದರೆ ಕಾರ್ತಿಕದ ಕಡೆಯ ಸೋಮವಾರ ಅಜ್ಜಿ ಶಿವನಿಗೆ ಏರಿಸುವುದು ಬೆಟ್ಟದ ಒಂದು ಬಂಡೆಯ ಬಿರುಕಿನಲ್ಲಿ ಬೆಳೆದ ತುಂಬೆಯನ್ನು ಮಾತ್ರ. ಆ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದ ತಾತ ತಂದುಕೊಡುತ್ತಿದ್ದರಂತೆ. ಅವರು ಹೋದ ಮೇಲೆ ತಾನೇ ಹತ್ತುತ್ತಿದ್ದಳು. ಈ ವರ್ಷ ಮಂಡಿ ನೋವು ಬಿಡಲಿಲ್ಲ. ಕೋಲಾರದಿಂದ ರಜೆ ಹಾಕಿ ಬಂದಿದ್ದ ನನ್ನನ್ನು ಕಳಿಸಿದಳು.

ನಾನು ಹತ್ತಲಿಲ್ಲ. ದೊಡ್ಡ ಕಾರಣವೇನೂ ಇರಲಿಲ್ಲ; ಬೇಸರ, ಅಷ್ಟೆ. ಎಲ್ಲಿಯದಾದರೂ ತುಂಬೆ ತುಂಬೆಯೇ ಎಂದುಕೊಂಡು ಮೋರಿಯ ಪಕ್ಕದ ಗಿಡಗಳ ತುದಿ ಚಿವುಟಿದೆ. ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತು ಬಸ್ ನಿಲ್ದಾಣದಲ್ಲಿ ಕೂತಿದ್ದು ಮನೆಗೆ ಬಂದೆ.

ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದಳು.

“ಬಂದ್ಯಾ ಅಮ್ಮಣ್ಣಿ? ಬಂಡೆ ತುಂಬಾ ಐತಾ?”

“ಇದೆ ಅಜ್ಜಿ.”

“ಮುಳ್ಳು ಗಿಳ್ಳು ತುಳಿದ್ಯಾ? ಎಲ್ಲಿ, ಕಾಲು ತೋರ್ಸು.” ನನ್ನ ಪಾದ ಹಿಡಿದು ನೋಡಿ ನಕ್ಕಳು. “ಒಂದು ಗೀರೂ ಇಲ್ವಲ್ಲೇ! ನಿಮ್ಮ ತಾತ ಈ ಹೂವ ತರಕ್ಕೋಗಿ ಕುಂಟ್ಕೊಂಡು ಬರೋನು. ನೀನೇ ವಾಸಿ ಬುಡು.”

ಪೂಜೆಯಾದ ಮೇಲೆ ತಾತನ ಪಟದ ಮುಂದೆಯೂ ಒಂದು ಹಿಡಿ ಹೂವಿಟ್ಟು, “ನೋಡು, ಮೊಮ್ಮಗಳು ಹತ್ತಿ ತಂದವ್ಳೆ” ಎಂದಳು. ಕರ್ಪೂರ ಹಚ್ಚಲು ನನ್ನನ್ನು ಕರೆದಳು. ಕೈ ತೊಳೆದು ಬರುತ್ತೇನೆಂದು ಹಿತ್ತಿಲಿಗೆ ಹೋದವಳು ಆರತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

ಸಂಜೆ ಅವಳು ಹೂ ಬಿಡಿಸಿ ಉಳಿದಿದ್ದ ಗುಂಡುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲದ ಮೇಲಿಟ್ಟಳು.

“ನಾಳೆ ಬಸ್ಸಿಗೆ ಮುಂಚೆ ಅದೇ ಬಿರುಕಲ್ಲಿ ಉಜ್ಜಿ ಬಾ. ಬೀಜ ಬೀಳ್ತದೆ. ಎಲ್ಲಿಂದ ತಂದ್ವೋ ಅಲ್ಲಿಗೇ ಸೇರ್ಬೇಕು ಕಣೇ. ನಿಮ್ಮ ತಾತ ಒಂದು ವರ್ಷಾನೂ ತಪ್ಪಿಸಿದೋನಲ್ಲ.”

ಹೇಳಿಬಿಡಬಹುದಿತ್ತು. “ಸರಿ” ಎಂದೆ.

ಬೆಳಿಗ್ಗೆ ಮೋರಿಯ ಹತ್ತಿರ ಬಟ್ಟೆ ಬಿಚ್ಚಿದೆ. ಗುಂಡುಗಳನ್ನು ಅಂಗೈಯಲ್ಲಿ ಉಜ್ಜಿ, ಬೀಜವನ್ನು ಅದು ಬಂದ ಮಣ್ಣಿಗೇ ಉದುರಿಸಿದೆ. ಅಷ್ಟರಲ್ಲಿ ಕೋಲಾರದ ಬಸ್ ಬಂದು ನಿಂತಿತು. ಕಂಡಕ್ಟರ್ ಕೈ ಬೀಸಿ ಕರೆದ. ಬರುವುದಿಲ್ಲವೆಂದು ತಲೆಯಾಡಿಸಿ, ಖಾಲಿ ಬಟ್ಟೆ ಹಿಡಿದು ಬೆಟ್ಟ ಹತ್ತತೊಡಗಿದೆ.